ಇಂಡಿಗೊ ಮರೀನಾ ಡೀಸೆಲ್: ಮಲೆನಾಡಿನ ಒಂದು ಮನೆಯಲ್ಲಿ ಹದಿನಾಲ್ಕು ವರ್ಷ

ಕಾರಿನ ಹಿಂಬಾಗಿಲು ಎತ್ತಿದಾಗ ಡಿಕ್ಕಿಯ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಯಾವ ಷೋರೂಮಿನಲ್ಲೂ ಯಾರೂ ಅಳೆದು ತೋರಿಸುವುದಿಲ್ಲ. ನನಗೂ ಅದು ಮುಖ್ಯವೆಂದು ಅನ್ನಿಸಿದ್ದು ಅಮ್ಮನ ಮಂಡಿ ಸೋತು, ಗಾಲಿಕುರ್ಚಿ ಮನೆಗೆ ಬಂದ ಮೇಲೆ. ಹದಿನೈದು ಹದಿನಾರು ಕಿಲೋ ತೂಗುವ ಆ ಕುರ್ಚಿಯನ್ನು ಮಡಚಿ, ಸೊಂಟದೆತ್ತರಕ್ಕೆ ಎತ್ತಿ, ಸೆಡಾನಿನ ಡಿಕ್ಕಿಯ ಇಕ್ಕಟ್ಟಾದ ಬಾಯಿಯೊಳಗೆ ಓರೆಯಾಗಿ ತುರುಕುವುದಕ್ಕೂ, ಮೊಣಕಾಲಿಗಿಂತ ತುಸು ಮೇಲಿರುವ ಅಂಚಿನ ಮೇಲೆ ಅದರ ಮುಂದಿನ ಗಾಲಿಗಳನ್ನು ಇಟ್ಟು ಒಳಕ್ಕೆ ನೂಕಿಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಹೋಗಿಬರುವವರು ಮಾತ್ರ ಬಲ್ಲರು. ನಮ್ಮ ಮನೆಯಲ್ಲಿರುವ ಟಾಟಾ ಇಂಡಿಗೊ ಮರೀನಾ ಡೀಸೆಲ್ ಕಾರನ್ನು ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈ ಜಾತಿಯ ಕಾರಿನ ನಿಜವಾದ ಗುಣ ಇರುವುದೇ ಈ ಅಂಚಿನಲ್ಲಿ ಎಂದು ನನಗೆ ಅನುಭವದಿಂದ ಗೊತ್ತಾಗಿರುವುದರಿಂದ ಅಲ್ಲಿಂದಲೇ ಆರಂಭಿಸಿದ್ದೇನೆ.

ನಾವಿರುವುದು ತೀರ್ಥಹಳ್ಳಿಯಿಂದ ಕೆಲವು ಕಿಲೋಮೀಟರ್ ಒಳಗಿನ ಒಂದು ಹಳ್ಳಿಯಲ್ಲಿ. ಮನೆಯ ಸುತ್ತ ಅಡಕೆ ತೋಟ, ಮುಖ್ಯರಸ್ತೆಗೆ ಸೇರುವ ತನಕ ಒಂದಷ್ಟು ದೂರ ಜಲ್ಲಿ ಕಿತ್ತ ದಾರಿ. 2006ರಲ್ಲಿ ನೋಂದಣಿಯಾದ ಈ ಕಾರನ್ನು 2011ರಲ್ಲಿ ಶಿವಮೊಗ್ಗದ ಒಬ್ಬರಿಂದ ಕೊಂಡುಕೊಂಡೆ. ಆಗ ಮೀಟರಿನಲ್ಲಿ 68,000 ಕಿಲೋಮೀಟರ್ ಇತ್ತು. ಈಗ 2,31,000 ದಾಟಿದೆ. ಕೊಂಡ ದಿನದಿಂದ ಇವತ್ತಿನವರೆಗೆ ಹಾಕಿಸಿದ ಡೀಸೆಲ್ಲು, ಬದಲಿಸಿದ ಆಯಿಲ್ಲು, ಟೈರು, ಬ್ಯಾಟರಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮುಂದೆ ನಾನು ಕೊಡುವ ಮೈಲೇಜು ಮತ್ತು ಖರ್ಚಿನ ಲೆಕ್ಕಗಳು ಆ ಪುಸ್ತಕದವು.

ಮರೀನಾ ಎಂದರೆ ಇಂಡಿಗೊ ಸೆಡಾನಿನ ಅಣ್ಣತಮ್ಮ. 1998ರ ಕೊನೆಯಲ್ಲಿ ಬಂದ ಇಂಡಿಕಾದಿಂದ 2002ರಲ್ಲಿ ಇಂಡಿಗೊ ಹುಟ್ಟಿತು; ಅದರ ಬೆನ್ನಿನ ಡಿಕ್ಕಿಯನ್ನು ತೆಗೆದು, ಮಾಡನ್ನು ಹಿಂದಿನ ತನಕ ಎಳೆದು, ನೇರವಾದ ಹಿಂಬಾಗಿಲನ್ನು ಕೂಡಿಸಿ 2004ರಲ್ಲಿ ಮರೀನಾ ಎಂಬ ಹೆಸರಿನಲ್ಲಿ ಬಿಟ್ಟರು. ಬ್ರಿಟನ್ನಿನಲ್ಲಿ ಎಸ್ಟೇಟ್ ಎಂದೂ ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್ ಎಂದೂ ಜರ್ಮನಿಯಲ್ಲಿ ಕೊಂಬಿ ಎಂದೂ ಕರೆಯುವ ಮಾದರಿ ಇದು. ನಮ್ಮಲ್ಲಿ ಇದಕ್ಕೆ ಗಟ್ಟಿಯಾಗಿ ನಿಂತ ಹೆಸರೇ ಇಲ್ಲ. ನಮ್ಮೂರಿನಲ್ಲಿ ‘ಉದ್ದ ಇಂಡಿಕಾ’ ಎನ್ನುತ್ತಾರೆ. ಉದ್ದ ಸುಮಾರು ನಾಲ್ಕೂಕಾಲು ಮೀಟರಿನೊಳಗೇ ಇದ್ದರೂ, ಮಾಡು ಬಾಗದೆ ಹಿಂದಕ್ಕೆ ಚಾಚಿರುವುದರಿಂದ ನೋಡಿದವರಿಗೆ ಇನ್ನೂ ಉದ್ದವೆಂದೇ ಅನ್ನಿಸುತ್ತದೆ.

ಈ ಮಾದರಿ ನಮ್ಮ ದೇಶದಲ್ಲಿ ಏಕೆ ಬೇರು ಬಿಡಲಿಲ್ಲ ಎಂಬುದನ್ನು ಹಲವು ಸಲ ಯೋಚಿಸಿದ್ದೇನೆ. ಇದೇ ಟಾಟಾದವರು 1990ರ ದಶಕದ ಆರಂಭದಲ್ಲಿ ‘ಎಸ್ಟೇಟ್’ ಎಂಬ ಹೆಸರಿನ ದೊಡ್ಡ ಡೀಸೆಲ್ ಕಾರನ್ನು ತಂದಿದ್ದರು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್ ಬಂದವು. ಯಾವುವೂ ಹೆಚ್ಚು ಕಾಲ ಉಳಿಯಲಿಲ್ಲ. ಜನ ಇವನ್ನು ಆಂಬುಲೆನ್ಸಿಗೆ ಹೋಲಿಸಿದರು, ಸಾಮಾನು ಸಾಗಿಸುವ ಗಾಡಿ ಎಂದರು. ಮದುವೆ ಮನೆಯ ಮುಂದೆ ನಿಲ್ಲಿಸಲು ಸೆಡಾನೇ ಬೇಕು, ಡಿಕ್ಕಿ ಬೇರೆಯಾಗಿ ಹೊರಗೆ ಕಾಣಬೇಕು ಎಂಬ ಮನಸ್ಸು ಆಗ ಬಲವಾಗಿತ್ತು. ಇದರ ಮೇಲೆ ತೆರಿಗೆಯ ಪೆಟ್ಟೂ ಬಿತ್ತು. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದಾಗ, ಸಣ್ಣ ಕಾರೆಂದರೆ ಉದ್ದ ನಾಲ್ಕು ಮೀಟರ್ ಮೀರಬಾರದು, ಡೀಸೆಲ್ ಎಂಜಿನ್ 1,500 ಸಿಸಿ ಮೀರಬಾರದು ಎಂದು ಗೆರೆ ಎಳೆದರು. ಮರೀನಾದ ಎಂಜಿನ್ 1,405 ಸಿಸಿ; ಅದು ಗೆರೆಯ ಒಳಗೇ ಇತ್ತು. ಉದ್ದ ಮಾತ್ರ ಒಂದು ಗೇಣಿನಷ್ಟು ಹೆಚ್ಚಾಯಿತು. ಮುಂದೆ ಇಂಡಿಗೊ ಸೆಡಾನಿನ ಡಿಕ್ಕಿಯನ್ನು ಮೊಟಕುಗೊಳಿಸಿ ಸಿಎಸ್ ಎಂಬ ರೂಪವನ್ನು 2008ರಲ್ಲಿ ತಂದರು, ಅದು ಚೆನ್ನಾಗಿ ಓಡಿತು. ಸಾಮಾನಿನ ಜಾಗವೇ ಜೀವವಾಗಿರುವ ಕಾರಿನ ಹಿಂಭಾಗವನ್ನು ಹಾಗೆ ಕತ್ತರಿಸಿದರೆ ಉಳಿಯುವುದಾದರೂ ಏನು?

ಹಾಗಿದ್ದರೂ ನಾನು ಇದನ್ನೇ ಹುಡುಕಿಕೊಂಡು ಹೋದದ್ದಕ್ಕೆ ಕಾರಣ ತೋಟ. ನಮ್ಮಂಥವರ ಮನೆಯ ಕಾರು ಬರೀ ಜನರನ್ನು ಸಾಗಿಸುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅಡಕೆಗೆ ಕೊಳೆ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲ, ಸುಣ್ಣ, ಪೈಪು. ಆಮೇಲೆ ಅಡಕೆ ಸಸಿ, ಬಾಳೆ ಕಂದು. ಕೊಯ್ಲು ಮುಗಿದ ಮೇಲೆ ಸ್ಯಾಂಪಲ್ಲಿಗೆಂದು ಮಂಡಿಗೆ ಒಯ್ಯುವ ಅಡಕೆ. ಬೇಸಿಗೆಯಲ್ಲಿ ಬೆಂಗಳೂರಿನ ತಂಗಿಯ ಮನೆಗೆ ಹಲಸಿನ ಹಣ್ಣು, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬ. ಇವಕ್ಕೆ ಬೇಕಾಗಿರುವುದು ಡಿಕ್ಕಿಯ ಲೀಟರ್ ಲೆಕ್ಕವಲ್ಲ, ಅದರ ಆಕಾರ. ಚೌಕಾಕಾರದ ಬಾಯಿ, ಸಮನಾದ ತಳ, ನಿಲ್ಲಿಸಿದ ಭರಣಿಯ ತಲೆ ತಾಗದಷ್ಟು ಎತ್ತರ, ಹಿಂದಿನ ಸೀಟನ್ನು ಮಡಚಿದರೆ ಆರಡಿ ಪೈಪು ಒಳಗೇ ಮಲಗುವ ಉದ್ದ ಇದ್ದರೆ ಆಯಿತು. ಮರೀನಾ ಈ ನಾಲ್ಕನ್ನೂ ಕೊಡುತ್ತದೆ. ಸೀಟು ಮಡಚಿದಾಗ ತಳ ಪೂರ್ತಿ ಮಟ್ಟವಾಗುವುದಿಲ್ಲ ಎಂಬುದೊಂದು ಕೊರತೆ ನಿಜ. ನಾನು ಹಳೆಯ ಪ್ಲೈವುಡ್ ಹಲಗೆಯೊಂದನ್ನು ಅಳತೆಗೆ ಕೊಯ್ಸಿ, ಅದಕ್ಕೆ ರಬ್ಬರ್ ಹಾಸು ಅಂಟಿಸಿ ಅದರ ಮೇಲೆ ಹಾಸಿಕೊಂಡಿದ್ದೇನೆ. ಹದಿನಾಲ್ಕು ವರ್ಷದಲ್ಲಿ ಈ ಕಾರಿಗೆ ನಾನು ಮಾಡಿಸಿದ ಅತ್ಯುತ್ತಮ ಸುಧಾರಣೆ ಅದೇ.

ಇದೇ ಜಾಗದ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸೆಡಾನಿನಲ್ಲಿ ಸಾಮಾನಿಗೂ ಜನರಿಗೂ ನಡುವೆ ಒಂದು ಗೋಡೆ ಇರುತ್ತದೆ, ಇಂಥ ಕಾರಿನಲ್ಲಿ ಸೀಟಿನ ಬೆನ್ನೊಂದೇ ಅಡ್ಡ. ಜೋರಾಗಿ ಬ್ರೇಕ್ ಹಾಕಿದರೆ ಸೀಟಿನ ಬೆನ್ನಿಗಿಂತ ಮೇಲೆ ಪೇರಿಸಿಟ್ಟ ಯಾವುದೇ ವಸ್ತು ಹಿಂದೆ ಕುಳಿತವರ ತಲೆಯ ಮೇಲೆ ಬರುತ್ತದೆ. ಭಾರದ ಚೀಲವನ್ನು ಯಾವಾಗಲೂ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿಕೊಂಡಿರುವಂತೆ ಇಡಬೇಕು, ಅದರ ಮೇಲೆ ಹಗ್ಗ ಬಿಗಿಯಬೇಕು. ಜನ ಕುಳಿತಿದ್ದಾಗ ಸೀಟಿನ ಎತ್ತರ ಮೀರಿ ನಾನು ಏನನ್ನೂ ಪೇರಿಸುವುದಿಲ್ಲ. ಮನೆಯವರು ‘ಇನ್ನೊಂದು ಹಣ್ಣು ಹಿಡಿಯುತ್ತದೆ’ ಎಂದರೂ ಅಷ್ಟೆ.

ಎಂಜಿನ್ನಿನ ವಿಷಯಕ್ಕೆ ಬರೋಣ. ನನ್ನದು ಹಳೆಯ ಇಂಡೈರೆಕ್ಟ್ ಇಂಜೆಕ್ಷನ್ ಟರ್ಬೊ ಡೀಸೆಲ್; ಟರ್ಬೊ ಎಂದರೆ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ. ನಾಲ್ಕು ಸಿಲಿಂಡರ್, 75 ಮಿಲಿಮೀಟರ್ ಅಗಲದ ಬೋರು, ಶಕ್ತಿ 60 ಅಶ್ವಶಕ್ತಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆಮೇಲೆ ಬಂದ, ಹೆಚ್ಚಿನ ಒತ್ತಡದಲ್ಲಿ ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಡೈಕಾರ್ ಎಂಬ ಕಾಮನ್ ರೈಲ್ ಎಂಜಿನ್ ಇದಕ್ಕಿಂತ ಚುರುಕು. ಇಂಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಡೀಸೆಲ್ಲನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಸಿಂಪಡಿಸದೆ, ಎಂಜಿನ್ನಿನ ತಲೆಯೊಳಗಿನ (ಸಿಲಿಂಡರ್ ಹೆಡ್) ಪುಟ್ಟ ಕೋಣೆಯೊಂದರಲ್ಲಿ ಹೊತ್ತಿಸುತ್ತಾರೆ. ಉರಿ ಅಲ್ಲಿಂದ ಸಿಲಿಂಡರಿಗೆ ಹರಡುತ್ತದೆ. ಹೀಗಾಗಿ ಬಡಿತ ಸ್ವಲ್ಪ ಮೆತ್ತಗಿರುತ್ತದೆ, ಆದರೆ ಆ ಕೋಣೆಯ ಗೋಡೆಗೆ ಶಾಖ ಸೋರಿಹೋಗುವುದರಿಂದ ಇಂಧನ ಹೆಚ್ಚು ಬೇಕು, ಚಳಿಯಲ್ಲಿ ಆ ಕೋಣೆಯನ್ನು ಮೊದಲೇ ಬಿಸಿ ಮಾಡುವ ಹೀಟರ್ ಪ್ಲಗ್ಗಿನ ಸಹಾಯವಿಲ್ಲದೆ ಸ್ಟಾರ್ಟ್ ಆಗುವುದು ಕಷ್ಟ.

ಡಿಸೆಂಬರಿನ ಬೆಳಗ್ಗೆ ಆರು ಗಂಟೆ. ತೋಟದ ಮೇಲೆ ಮಂಜು ಇಳಿದು, ಗಾಜಿನ ಮೇಲೆ ನೀರು ಹನಿಗಟ್ಟಿರುತ್ತದೆ. ಕೀಲಿ ತಿರುಗಿಸಿದಾಗ ಡ್ಯಾಷ್‌ಬೋರ್ಡಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಅದು ಆರುವ ತನಕ ಕಾಯಬೇಕು. ಕಾಯದೆ ಸೆಲ್ಫ್ ಹೊಡೆದರೆ ಎಂಜಿನ್ ಎರಡು ಸಿಲಿಂಡರಿನಲ್ಲಿ ಮಾತ್ರ ಉರಿದು ಇಡೀ ಗಾಡಿಯನ್ನು ಅಲುಗಾಡಿಸುತ್ತದೆ, ಸೈಲೆನ್ಸರಿನಿಂದ ಕಣ್ಣುರಿಯುವ ಬಿಳಿ ಹೊಗೆ ಬರುತ್ತದೆ. ಕಾದರೆ ಒಂದೇ ಸುತ್ತಿಗೆ ಹಿಡಿದುಕೊಳ್ಳುತ್ತದೆ. ದೀಪ ಆರಿದ ಮೇಲೂ ಹಾಗೆ ಅಲುಗಾಡಿದರೆ ಯಾವುದೋ ಒಂದು ಪ್ಲಗ್ಗು ಸುಟ್ಟಿದೆ ಎಂದೇ ಅರ್ಥ. ಬ್ಯಾಟರಿಯನ್ನು ಬೈದು ಫಲವಿಲ್ಲ. ನಾಲ್ಕನ್ನೂ ಒಟ್ಟಿಗೆ ಬದಲಿಸಿಬಿಡುವುದು ಲೇಸು. ಒಂದು ಸುಟ್ಟಾಗ ಉಳಿದ ಮೂರರ ಆಯುಸ್ಸೂ ಮುಗಿಯುತ್ತ ಬಂದಿರುತ್ತದೆ.

ಓಡಿಸುವ ಅನುಭವದಲ್ಲಿ ಮೊದಲು ಕಲಿಯಬೇಕಾದದ್ದು ಟರ್ಬೊ ಎಲ್ಲಿ ಎಚ್ಚರಗೊಳ್ಳುತ್ತದೆ ಎಂಬುದನ್ನು. ನನ್ನ ಗಾಡಿಯಲ್ಲಿ ನಿಮಿಷಕ್ಕೆ ಸುಮಾರು 1,800 ಸುತ್ತಿಗಿಂತ ಕೆಳಗೆ ಎಂಜಿನ್ ತೂಕಡಿಸುತ್ತದೆ, ಅಲ್ಲಿಂದ ಮೇಲೆ 3,000ದ ವರೆಗೆ ಹೇಳಿದ ಕೆಲಸವನ್ನೆಲ್ಲ ಮಾಡುತ್ತದೆ, ಅದಕ್ಕಿಂತ ಮೇಲೆ ಸದ್ದು ಹೆಚ್ಚಾಗುವುದೇ ಹೊರತು ಓಟ ಹೆಚ್ಚುವುದಿಲ್ಲ. ಇದನ್ನು ಅರಿತವನು ಆಗುಂಬೆ ಘಟ್ಟವನ್ನು ನೆಮ್ಮದಿಯಾಗಿ ಹತ್ತಬಲ್ಲ. ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಅಮ್ಮ, ಹೆಂಡತಿ, ಮಗಳು, ಗಾಲಿಕುರ್ಚಿ, ಉಡುಪಿಯಲ್ಲಿ ಕೊಂಡ ಸಾಮಾನು ಎಲ್ಲ ಸೇರಿ ಗಾಡಿ ತುಂಬಿರುವಾಗ ತಿರುವಿನಲ್ಲಿ ಎರಡನೇ ಗೇರಿನಲ್ಲೇ ಎಳೆಸುತ್ತೇನೆಂದು ಹಟ ಮಾಡಿದರೆ ಟರ್ಬೊ ಸತ್ತು, ಗಾಡಿ ತಿರುವಿನ ಮಧ್ಯದಲ್ಲಿ ನಿಂತುಬಿಡುವಂತಾಗುತ್ತದೆ. ತಿರುವು ತಲುಪುವುದಕ್ಕೆ ಮುಂಚೆಯೇ ಎ.ಸಿ. ನಿಲ್ಲಿಸಿ, ಒಂದನೇ ಗೇರಿಗೆ ಇಳಿಸಿ, ಆಕ್ಸಿಲರೇಟರನ್ನು ಒಂದೇ ಸಮನೆ ಒತ್ತಿಕೊಂಡು ತಿರುಗಿಸಿ, ರಸ್ತೆ ನೇರವಾದೊಡನೆ ಎರಡಕ್ಕೆ ಹಾಕಿದರೆ ಅದು ಆನೆಯಂತೆ ಹತ್ತುತ್ತದೆ. ವೇಗ ಬೇಕೆನ್ನುವವರಿಗೆ ಇದು ಸಾಲದು. ನನಗೆ ಸಾಕು. ಆ ರಸ್ತೆಯಲ್ಲಿ ವೇಗವಾಗಿ ಹೋಗಬೇಕಾದ ಕೆಲಸ ಯಾರಿಗೂ ಇರಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಯುವುದು ಇನ್ನೊಂದು ವಿದ್ಯೆ. ಜುಲೈ ತಿಂಗಳಲ್ಲಿ ಆಗುಂಬೆಯ ಮಳೆ ಸುರಿಯುವಾಗ ಮುಂದಿನ ವೈಪರ್ ಎಷ್ಟು ಜೋರಾಗಿ ಓಡಿದರೂ ಹತ್ತು ಮಾರಿನಾಚೆ ಕಾಣುವುದಿಲ್ಲ. ಅದರ ಜೊತೆಗೆ ಮಂಜು. ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಗಾಡಿಯನ್ನು ಬಿಟ್ಟು, ಬ್ರೇಕನ್ನು ತಿರುವಿಗೆ ಮುಂಚೆ ಮಾತ್ರ ಮುಟ್ಟಬೇಕು. ನನ್ನ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಇವತ್ತು ಯಾವ ಹೊಸ ಕಾರಿನಲ್ಲೂ ಕಡ್ಡಾಯವಾಗಿರುವ ಈ ಎರಡೂ ಇಲ್ಲದ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುತ್ತಿದ್ದೇನೆ ಎಂಬ ಅರಿವು ನನಗೆ ಪ್ರತಿ ಸಲವೂ ಇರುತ್ತದೆ. ಟೈರಿನ ವಿಷಯದಲ್ಲಿ ನಾನು ಜಿಪುಣತನ ಮಾಡದಿರುವುದು ಇದೇ ಕಾರಣಕ್ಕೆ. ಎಳೆ ಇನ್ನೂ ಉಳಿದಿದ್ದರೂ ಐದು ವರ್ಷವಾದ ಟೈರನ್ನು ಮಳೆಗಾಲಕ್ಕೆ ಮುಂಚೆ ತೆಗೆಸಿಬಿಡುತ್ತೇನೆ.

ಎಸ್ಟೇಟ್ ಮಾದರಿಗೇ ಅಂಟಿಕೊಂಡ ಇನ್ನೊಂದು ಸಂಗತಿ ಹಿಂದಿನ ಗಾಜು. ನೇರವಾಗಿ ಕತ್ತರಿಸಿದಂತಿರುವ ಹಿಂಭಾಗದ ಬಳಿ ಗಾಳಿ ಸುಳಿ ಸುತ್ತುವುದರಿಂದ ಚಕ್ರ ಎಬ್ಬಿಸಿದ ಕೆಸರು, ದೂಳು ಎಲ್ಲವೂ ಗಾಜಿಗೆ ಬಂದು ಮೆತ್ತಿಕೊಳ್ಳುತ್ತದೆ. ಸೆಡಾನಿನವರಿಗೆ ಹಿಂದಿನ ವೈಪರ್ ಒಂದು ಅಲಂಕಾರ, ನಮಗೆ ಅದು ಕಣ್ಣು. ಕೊಳ್ಳುವವರು ಅದರ ಮೋಟಾರು, ನೀರಿನ ಚಿಲುಮೆ ಎರಡೂ ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಬೇಕು.

ಕುಳಿತು ಹೋಗುವ ಸುಖದ ಬಗ್ಗೆ ಎರಡು ಮಾತು. ಇಂಡಿಗೊ ಬಳಗದ ಹಿಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್ ಆದದ್ದು. ಎಡ ಚಕ್ರ ಹೊಂಡಕ್ಕೆ ಬಿದ್ದರೆ ಬಲಕ್ಕೆ ಕುಳಿತವರಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಖಾಲಿ ಗಾಡಿ ಸ್ವಲ್ಪ ಕುಪ್ಪಳಿಸುತ್ತದೆ. ನಾಲ್ಕು ಜನ, ನಾಲ್ಕು ಚೀಲ ಕೂತ ಮೇಲೆ ಅದರ ನಡಿಗೆಯೇ ಬದಲಾಗಿ ಹಡಗಿನಂತೆ ಸಾಗುತ್ತದೆ. ಬೆನ್ನುನೋವಿರುವ ಅಮ್ಮ ನಮ್ಮ ನೆಂಟರ ಹೊಸ ಎತ್ತರದ ಗಾಡಿಗಿಂತ ಇದರಲ್ಲೇ ಹೋಗೋಣ ಎನ್ನುತ್ತಾರೆ. ಸೀಟಿನ ಎತ್ತರವೂ ಅದಕ್ಕೆ ಕಾರಣ. ಹತ್ತಲು ಕಾಲೆತ್ತಬೇಕಾಗಿಲ್ಲ, ಕೂತು ತಿರುಗಿದರೆ ಆಯಿತು. ವಯಸ್ಸಾದವರಿಗೆಂದು ಎತ್ತರದ ಕಾರು ಕೊಳ್ಳುವವರು ಅವರನ್ನೇ ಒಮ್ಮೆ ಕೂರಿಸಿ, ಇಳಿಸಿ ನೋಡಬೇಕು.

ಇನ್ನು ನನಗಾದ ಒಂದು ಕಹಿ ಅನುಭವವನ್ನು ಹೇಳದೆ ಈ ವಿಮರ್ಶೆ ಪೂರ್ತಿಯಾಗದು. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಷಾಫ್ಟನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್ ಎಂಬ ಹಲ್ಲುಗಳಿರುವ ರಬ್ಬರ್ ಪಟ್ಟಿ. ಅದು ತುಂಡಾದರೆ ಅಥವಾ ಹಲ್ಲು ಕಳಚಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. 2013ರಲ್ಲಿ ನಾನು ಒಂದು ಗ್ಯಾರೇಜಿನಲ್ಲಿ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಎರಡನ್ನೂ ಬದಲಿಸಲು ಹೇಳಿ, ಬಿಲ್ಲಿನಲ್ಲಿ ಎರಡಕ್ಕೂ ದುಡ್ಡು ಕೊಟ್ಟು ಬಂದಿದ್ದೆ. ಮರುವರ್ಷ ಬೆಂಗಳೂರಿನಿಂದ ವಾಪಸು ಬರುವಾಗ ತಿಪಟೂರು ದಾಟಿ ಅರಸೀಕೆರೆಯ ಕಡೆಗೆ ಹೋಗುತ್ತಿದ್ದಂತೆ, ಎಪ್ಪತ್ತರ ವೇಗದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನ್ ನಿಂತುಹೋಯಿತು. ಮಧ್ಯಾಹ್ನದ ಬಿಸಿಲು. ರಸ್ತೆ ಬದಿಯ ತೆಂಗಿನ ತೋಟದ ನೆರಳಿನಲ್ಲಿ ಅಮ್ಮನನ್ನು ಗಾಲಿಕುರ್ಚಿಯ ಮೇಲೆ ಕೂರಿಸಿದೆವು. ಸೆಲ್ಫ್ ಹೊಡೆದರೆ ಎಂಜಿನ್ ಯಾವ ತಡೆಯೂ ಇಲ್ಲದೆ ಹಗುರಾಗಿ ತಿರುಗುತ್ತಿತ್ತು. ಆ ಸದ್ದು ಕೇಳಿದಾಗಲೇ ನನಗೆ ಎದೆ ಧಸಕ್ಕೆಂದಿತು.

ಹಗ್ಗ ಕಟ್ಟಿ ಎಳೆಸಿಕೊಂಡು ತಿಪಟೂರಿಗೆ ಒಯ್ದ ಮೇಲೆ ಅಲ್ಲಿನ ಮೆಕ್ಯಾನಿಕ್ ಮುಚ್ಚಳ ಬಿಚ್ಚಿ, ಬೆಲ್ಟನ್ನು ಹೊರಗೆಳೆದು ನನ್ನ ಕೈಗೆ ಕೊಟ್ಟರು. ಒಂದು ಗೇಣಿನಷ್ಟು ಉದ್ದಕ್ಕೆ ಹಲ್ಲುಗಳೇ ಇರಲಿಲ್ಲ, ಬೆನ್ನಿನ ಮೇಲೆ ಅಡ್ಡಡ್ಡ ಬಿರುಕುಗಳು, ಬೆರಳಿನಲ್ಲಿ ಮಡಚಿದರೆ ಒಣ ಅಡಕೆ ಹಾಳೆಯಂತೆ ಚಟಚಟ ಎನ್ನುತ್ತಿತ್ತು. ‘ಇದು ಒಂದು ವರ್ಷದ ಬೆಲ್ಟಲ್ಲ ಸಾರ್’ ಎಂದಷ್ಟೇ ಅವರು ಹೇಳಿದರು. ಹೆಡ್ ಇಳಿಸಿ, ಬಾಗಿದ ವಾಲ್ವುಗಳನ್ನು ಬದಲಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಗಾಡಿ ಕೈಗೆ ಬರುವಾಗ ಒಂಬತ್ತು ದಿನ, ಮೂವತ್ತೆರಡು ಸಾವಿರ ರೂಪಾಯಿ ಹೋಗಿತ್ತು. ದುಡ್ಡು ಪಡೆದು ಬೆಲ್ಟನ್ನು ಹಾಕದೆ ಬಿಟ್ಟವರನ್ನು ಹೋಗಿ ಕೇಳಿದೆ. ಕೆಲಸದ ಹುಡುಗನ ಮೇಲೆ ಹಾಕಿದರು. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಬದಲಿಸಿದ ಹಳೆಯ ಭಾಗ ನನ್ನ ಕೈಗೆ ಬರಬೇಕು. ಹೊಸ ಬೆಲ್ಟಿನ ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ತಾರೀಖು, ಕಿಲೋಮೀಟರ್ ಬರೆಯಬೇಕು. ಅರವತ್ತು ಸಾವಿರ ಕಿಲೋಮೀಟರಿಗೆ ಅಥವಾ ನಾಲ್ಕು ವರ್ಷಕ್ಕೆ, ಯಾವುದು ಮೊದಲೋ ಆಗ, ನನ್ನ ಕಣ್ಣೆದುರೇ ಬದಲಿಸಬೇಕು. ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರೆಲ್ಲರಿಗೂ ಇದನ್ನು ಕೈಮುಗಿದು ಹೇಳುತ್ತೇನೆ.

ಉಳಿದ ನಿರ್ವಹಣೆ ಇಷ್ಟು ಭಯಂಕರವಲ್ಲ. ಡೀಸೆಲ್ ಫಿಲ್ಟರನ್ನು ಹತ್ತು ಸಾವಿರಕ್ಕೊಮ್ಮೆ ಬದಲಿಸುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಅರೆ ಖಾಲಿ ಟ್ಯಾಂಕಿನೊಳಗೆ ತೇವ ಕಟ್ಟಿ ನೀರಾಗುತ್ತದೆ; ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಫಿಲ್ಟರಿನಲ್ಲಿ ಸೇರಿದ ನೀರನ್ನು ಆಗಾಗ ಇಳಿಸುತ್ತೇನೆ. ಟ್ಯಾಂಕ್ ಪೂರ್ತಿ ಖಾಲಿಯಾದರೆ ಪೆಟ್ರೋಲ್ ಕಾರಿನಂತೆ ಒಂದು ಬಾಟಲಿ ತಂದು ಸುರಿದು ಹೊರಡುವ ಹಾಗಿಲ್ಲ. ಪೈಪಿನಲ್ಲಿ ಏರ್ ಲಾಕ್ ಆಗಿ, ಗಾಳಿ ತೆಗೆಯುವ ತನಕ ಎಂಜಿನ್ ಹಿಡಿಯುವುದಿಲ್ಲ. ದೂರದ ಓಟದ ಮೇಲೆ ನಿಲ್ಲಿಸುವಾಗ ಒಂದು ನಿಮಿಷ ಎಂಜಿನ್ನನ್ನು ಹಾಗೇ ಓಡಲು ಬಿಟ್ಟು ಆರಿಸಿದರೆ ಕಾದ ಟರ್ಬೊಗೆ ಆಯಿಲ್ ಹರಿದು ಅದು ಬಾಳಿಕೆ ಬರುತ್ತದೆ. ನನ್ನದು ಇನ್ನೂ ಮೊದಲಿನ ಟರ್ಬೊ. ಹಿಂಬಾಗಿಲನ್ನು ಎತ್ತಿಹಿಡಿಯುವ ಗ್ಯಾಸ್ ತುಂಬಿದ ಎರಡು ಕಡ್ಡಿಗಳು ವಯಸ್ಸಾದಂತೆ ಸೊರಗುತ್ತವೆ. ಅದು ಎಲ್ಲ ಕಾರಿಗೂ ಇರುವುದೇ. ಆದರೆ ಈ ಬಾಗಿಲು ಭಾರವಾದ್ದರಿಂದ, ಸೊರಗಿದ ಕಡ್ಡಿಗಳನ್ನು ನಂಬಿ ಅದರ ಕೆಳಗೆ ತಲೆ ಕೊಡಬಾರದು.

ಬಿಡಿಭಾಗ ಸಿಗುತ್ತವೆಯೇ ಎಂದು ಅನೇಕರು ಕೇಳುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಇವುಗಳ ಭಾಗಗಳು ಇಂಡಿಕಾ, ಇಂಡಿಗೊ ಟ್ಯಾಕ್ಸಿಗಳ ದಯೆಯಿಂದ ಇಂದಿಗೂ ಶಿವಮೊಗ್ಗದಲ್ಲಿ ಸಿಗುತ್ತವೆ, ಬೆಲೆಯೂ ಕೈಗೆಟಕುವಂತಿದೆ. ಕಷ್ಟವಿರುವುದು ಮರೀನಾಗೆ ಮಾತ್ರ ಸೇರಿದ ಭಾಗಗಳಲ್ಲಿ: ಹಿಂಬಾಗಿಲು, ಅದರ ಗಾಜು, ಹಿಂದಿನ ಉದ್ದನೆಯ ದೀಪಗಳು, ಪಕ್ಕದ ಕೊನೆಯ ಗಾಜು. ನನ್ನ ಎಡಗಡೆಯ ಹಿಂದಿನ ದೀಪ ಮೂರು ವರ್ಷದ ಹಿಂದೆ ಒಡೆದಾಗ, ಬೆಂಗಳೂರಿನ ಶಿವಾಜಿನಗರದ ಹಳೆ ಬಿಡಿಭಾಗಗಳ ಅಂಗಡಿಗಳನ್ನು ಎರಡು ದಿನ ಸುತ್ತಿ ಒಂದನ್ನು ತಂದೆ. ಸಿಕ್ಕಿತೆಂದು ಬಲಗಡೆಯದನ್ನೂ ಕೊಂಡು ಅಟ್ಟದಲ್ಲಿಟ್ಟಿದ್ದೇನೆ.

ಖರ್ಚಿನ ಲೆಕ್ಕ. ನೋಟ್‌ಬುಕ್ಕಿನ ಪ್ರಕಾರ ಘಟ್ಟ ಮತ್ತು ಹಳ್ಳಿ ರಸ್ತೆಯಲ್ಲಿ ಲೀಟರಿಗೆ 14 ಕಿಲೋಮೀಟರ್, ಶಿವಮೊಗ್ಗ, ತರೀಕೆರೆ, ಕಡೂರು, ತುಮಕೂರು ದಾರಿಯಾಗಿ ಬೆಂಗಳೂರಿಗೆ ಎಪ್ಪತ್ತು ಎಂಬತ್ತರ ವೇಗದಲ್ಲಿ ಹೋದರೆ 17, ಎಲ್ಲ ಸೇರಿ ಸರಾಸರಿ 15.5. ನಾನು ಕೊಂಡ ಕಾಲದಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 20 ರೂಪಾಯಿಗೂ ಮೀರಿದ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನು ಸರ್ಕಾರದ ಹಿಡಿತದಿಂದ ಬಿಟ್ಟುಕೊಟ್ಟ ಮೇಲೆ, ಆಮೇಲೆ ರಾಜ್ಯದ ತೆರಿಗೆಯೂ ಏರಿದ ಮೇಲೆ 2025ರಲ್ಲಿ ಆ ಅಂತರ 12 ರೂಪಾಯಿಯ ಆಸುಪಾಸಿಗೆ ಬಂದು ನಿಂತಿತ್ತು. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ನನಗೆ ಸುಮಾರು 774 ಲೀಟರ್ ಬೇಕು. 2025ರ ಬೆಲೆಯಲ್ಲಿ ಲೀಟರಿಗೆ 91 ರೂಪಾಯಿಯಂತೆ 70,000ದ ಮೇಲೆ ಚಿಲ್ಲರೆ. ಲೀಟರಿಗೆ 17 ಕಿಲೋಮೀಟರ್ ಕೊಡುವ ಸಣ್ಣ ಪೆಟ್ರೋಲ್ ಕಾರಿಗೆ ಅದೇ ವರ್ಷದ ಬೆಲೆಯಾದ 103 ರೂಪಾಯಿಯಂತೆ ಲೆಕ್ಕ ಹಾಕಿದರೆ 73,000ದೊಳಗೇ ಬರುತ್ತದೆ. ವರ್ಷಕ್ಕೆ ಎರಡು ಸಾವಿರ ರೂಪಾಯಿಯ ಉಳಿತಾಯ ಫಿಲ್ಟರು, ಹೀಟರ್ ಪ್ಲಗ್ಗುಗಳಲ್ಲೇ ಕರಗಿಹೋಗುತ್ತದೆ. ಆದ್ದರಿಂದ ದುಡ್ಡು ಉಳಿಸಲೆಂದು ಇವತ್ತು ಯಾರೂ ಹಳೆಯ ಸಣ್ಣ ಡೀಸೆಲ್ ಕಾರು ಕೊಳ್ಳಬಾರದು. ಭಾರ ಹೊತ್ತು ಘಟ್ಟ ಹತ್ತಬೇಕಾದವರು, ಈ ಆಕಾರವೇ ಬೇಕೆನ್ನುವವರು ಕೊಳ್ಳಬಹುದು.

ಹೊಗೆಯ ವಿಷಯವನ್ನೂ ಮುಚ್ಚಿಡಲಾರೆ. ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬರುವುದಕ್ಕೆ ಬಹಳ ಮುಂಚಿನ ಈ ಎಂಜಿನ್ನಿಗೆ ಮಸಿ ಹಿಡಿಯುವ ಸೋಸುಕವಿಲ್ಲ. ಹೊಸ ಡೀಸೆಲ್ಲುಗಳಂತೆ ಹತ್ತಿರದ ಓಟಕ್ಕೆ ಆ ಸೋಸುಕ ಕಟ್ಟಿಕೊಳ್ಳುವ ತೊಂದರೆ ಇದಕ್ಕಿಲ್ಲ. ಅದರ ಬದಲು ಆ ಮಸಿಯೆಲ್ಲ ಗಾಳಿಗೆ ಹೋಗುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ದೆಹಲಿಯಲ್ಲಿ ನ್ಯಾಯಾಲಯಗಳು ಹೇರಿದ ನಿರ್ಬಂಧ ಯಾವ ಕಾರಣಕ್ಕೆ ಬಂತೆಂಬುದು ಎಲ್ಲರಿಗೂ ಗೊತ್ತು. ಏರ್ ಫಿಲ್ಟರ್ ಶುದ್ಧವಾಗಿಟ್ಟು, ಇಂಜೆಕ್ಟರುಗಳನ್ನು ಕಾಲಕಾಲಕ್ಕೆ ಡೀಸೆಲ್ ಪಂಪ್ ರಿಪೇರಿ ಮಾಡುವ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದರೆ ಕಪ್ಪು ಹೊಗೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಹೊಗೆ ತಪಾಸಣೆಗೆ ಹೋಗುವ ಮುನ್ನ ನಾನು ಇವೆರಡನ್ನೂ ಮಾಡಿಸುತ್ತೇನೆ, ಅಲ್ಲಿ ಪಾಸಾಗುವುದಕ್ಕಾಗಿ ಮಾತ್ರವಲ್ಲ. ಶಾಲೆಯ ಮುಂದೆ, ಪೇಟೆಯಲ್ಲಿ ಎಂಜಿನ್ ಆರಿಸದೆ ನಿಲ್ಲಿಸುವ ಅಭ್ಯಾಸವನ್ನೂ ಬಿಟ್ಟಿದ್ದೇನೆ.

ಜರ್ಮನಿಯಲ್ಲಿರುವ ನನ್ನ ತಂಗಿಯ ಮಗ ಕೆಲವು ವರ್ಷಗಳಿಂದ ಸ್ಕೋಡಾ ಫಾಬಿಯಾ ಕೊಂಬಿ ಎಂಬ ಡೀಸೆಲ್ ಕಾರನ್ನು ಇಟ್ಟುಕೊಂಡಿದ್ದಾನೆ. ಅಳತೆಯಲ್ಲಿ ಅದು ನಮ್ಮ ಮರೀನಾದಷ್ಟೇ. ಡಿಕ್ಕಿಯ ಜಾಗ 530 ಲೀಟರ್. ಅಲ್ಲಿ ಅಂಥ ಕಾರನ್ನು ಯಾರೂ ಆಂಬುಲೆನ್ಸ್ ಎನ್ನುವುದಿಲ್ಲವಂತೆ. ಮಕ್ಕಳ ತಳ್ಳುಗಾಡಿ, ಸೈಕಲ್ಲು, ವಾರದ ಸಾಮಾನು ಇರುವ ಮನೆಗಳಲ್ಲಿ ಅದು ಸಾಮಾನ್ಯವಾದ ಕಾರು. ಅವನು ಊರಿಗೆ ಬಂದಾಗ ನಮ್ಮದನ್ನು ಎರಡು ದಿನ ಓಡಿಸಿ, ‘ಮಾವ, ಇದರ ಬ್ರೇಕು, ಗೇರು ಹಳೆಯ ಕಾಲದ್ದು, ಆದರೆ ಡಿಕ್ಕಿ ಥೇಟ್ ನಮ್ಮದೇ’ ಎಂದ. ಅವನ ಮಾತು ಎರಡು ಅಂಶದಲ್ಲೂ ಸರಿ.

15 ವರ್ಷ ತುಂಬಿದಾಗ, 2021ರಲ್ಲಿ, ಶಿವಮೊಗ್ಗದ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡೆ. ಮರುವರ್ಷ ಏಪ್ರಿಲ್‌ನಿಂದ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಈಗ ಹಳೆಯ ಮರೀನಾ ಕೊಳ್ಳುವವರು ಈಗಿನ ನವೀಕರಣ ಶುಲ್ಕವನ್ನೂ, 1,000ದಿಂದ 1,500 ಸಿಸಿಯೊಳಗಿನ ಕಾರಿಗೆ 2022ರಲ್ಲಿ ತೆರಿಗೆ ಬಿಟ್ಟು 3,416 ರೂಪಾಯಿ ಎಂದು ನಿಗದಿಯಾಗಿದ್ದ ಥರ್ಡ್ ಪಾರ್ಟಿ ವಿಮೆಯನ್ನೂ ಕೊಳ್ಳುವ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂರಬೇಕು.

ನೋಡಲು ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಮಾರುವವರಿಗೆ ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿ, ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ಹೀಟರ್ ದೀಪ ಆರಿದ ಮೇಲೆ ಒಂದೇ ಸುತ್ತಿಗೆ ಹಿಡಿಯಬೇಕು. ಎಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದಿಟ್ಟು, ಎಂಜಿನ್ ಓಡುವಾಗ ಗುಳ್ಳೆ ಏಳುತ್ತವೆಯೇ ಗಮನಿಸಿ. ಒಂದೇ ಸಮನೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಡಿಕ್ಕಿಯ ಹಾಸನ್ನು ಎತ್ತಿ ಮೂಲೆಗಳಲ್ಲಿ ತುಕ್ಕು ನೋಡಿ. ಟೈಮಿಂಗ್ ಬೆಲ್ಟ್ ಹಾಕಿಸಿದ ಬಿಲ್ಲು ಇದ್ದರೂ ನಂಬದೆ, ಕೊಂಡ ವಾರದಲ್ಲೇ ಹೊಸದನ್ನು ಹಾಕಿಸಿ. ಹಿಂಬಾಗಿಲು ಮುಚ್ಚುವ ಮುನ್ನ, ನಿಮ್ಮ ಮನೆಯಲ್ಲಿ ದಿನಾ ಎತ್ತಿಳಿಸುವ ಭಾರದ ವಸ್ತು ಯಾವುದೋ, ಗಾಲಿಕುರ್ಚಿಯೋ ಗ್ಯಾಸ್ ಸಿಲಿಂಡರೋ ತಬಲವೋ, ಅದನ್ನು ಜೊತೆಗೆ ಒಯ್ದಿದ್ದರೆ ಒಮ್ಮೆ ಒಳಗಿಟ್ಟು ತೆಗೆದು ನೋಡಿ.